ಹೈರಮ್ ಟಪ್ಪರ್ ಹಾಕದ ರುಜು

ಅಮೆರಿಕದ ವರ್ಮಾಂಟಿನ ಆ ಕಣಿವೆಯಲ್ಲಿ ಹೈರಮ್ ಟಪ್ಪರನ ಹೆಸರಿಗೆ ತೂಕವಿತ್ತು. ಅವನದು ಪೀಪಾಯಿ ಮಾಡುವ ಕಸುಬು. ಅವನು ಕಟ್ಟಿದ ಬಕೆಟ್ಟು ಸೋರಿತೆಂದು ಮೇಪಲ್ ಮರದಿಂದ ಸಿಹಿ ರಸ ಇಳಿಸುವವರು ಯಾರೂ ದೂರಿದ್ದಿಲ್ಲ. ಹದಿನೆಂಟು ವರ್ಷದಿಂದ ಚರ್ಚಿನಲ್ಲಿ ಸಭೆಯ ಹಿರಿಯನಾಗಿದ್ದ. ಊರಿನಿಂದ ಯಾವ ಅರ್ಜಿ ಹೊರಟರೂ ರುಜುವಿನ ಮೊದಲ ಸಾಲು ಅವನಿಗೇ ಮೀಸಲು. ಇದರಿಂದ ಅವನಿಗೆ ಹೆಮ್ಮೆಯಿತ್ತು. ಮುಚ್ಚಿಡುವುದೇಕೆ, ಒಂದಿಷ್ಟು ಜಂಬವೇ ಇತ್ತು.

ಸಾವಿರದ ಎಂಟುನೂರ ಅರವತ್ತನಾಲ್ಕರ ಮೇ ತಿಂಗಳಲ್ಲಿ, ಉತ್ತರ ದಕ್ಷಿಣ ರಾಜ್ಯಗಳ ಯುದ್ಧದ ನಡುವೆ, ಅವನ ಒಬ್ಬನೇ ಮಗ ಓರಿನ್ ವರ್ಜೀನಿಯಾದ ಕಾಡಿನ ಕಾಳಗದಲ್ಲಿ ಸತ್ತ. ಪಕ್ಕದಲ್ಲೇ ನಿಂತಿದ್ದ ನೆರೆಮನೆಯ ಅಮೋಸ್ ಕೋಲ್ಬಿ ಬಂದೂಕು ಬಿಸಾಡಿ ಓಡಿದ. ವಾರಗಟ್ಟಲೆ ನಡೆದು ಊರಿಗೆ ಬಂದು ತಾಯಿಯ ಹುಲ್ಲಿನ ಅಟ್ಟದಲ್ಲಿ ಅಡಗಿದ್ದವನನ್ನು ಸೈನಿಕರು ಎಳೆದೊಯ್ದರು. ಗುಂಡಿಟ್ಟು ಕೊಲ್ಲಬೇಕೆಂದು ತೀರ್ಪಾಯಿತು. ಅಧ್ಯಕ್ಷ ಲಿಂಕನ್ ಕ್ಷಮಿಸಿದರೆ ಮಾತ್ರ ಬದುಕು.

ಅಮೋಸನ ತಾಯಿ, ವಿಧವೆ ಡೋರ್ಕಸ್, ಅರ್ಜಿ ಹಿಡಿದು ಹೈರಮನ ಅಂಗಡಿಗೆ ಬಂದಳು.

"ಟಪ್ಪರಣ್ಣ, ಊರೋರೆಲ್ಲ ರುಜು ಹಾಕ್ತೀವಿ ಅಂದಿದಾರೆ. ಮೇಲಿನ ಸಾಲು ನಿಮಗೇ ಬಿಟ್ಟಿದೀನಿ."

"ನನ್ನ ಮಗ ಓಡಿ ಬರಲಿಲ್ಲ, ಡೋರ್ಕಸ್."

"ಗೊತ್ತಣ್ಣ. ಓರಿನ್‌ಗೆ ನಾನೂ ಎಷ್ಟು ಸಲ ಊಟಕ್ಕಿಟ್ಟಿಲ್ಲ? ಆ ಲಿಂಕನ್ ಅವರೂ ಯುದ್ಧದ ನಡುವೆ ಮಗನ್ನ ಕಳ್ಕೊಂಡೋರು. ಅವರಿಗೆ ನನ್ನ ಸಂಕಟ ಅರ್ಥ ಆದ್ರೂ ಆಗ್ಬಹುದು."

"ಆ ಹುಡುಗ ಜ್ವರ ಬಂದು ಸತ್ತಿದ್ದು. ಮೆತ್ತನೆ ಹಾಸಿಗೆ ಮೇಲೆ."

ಮಗು ಸತ್ತವರ ಬಗ್ಗೆ, ಮಗ ಸಾಯಲಿರುವವಳ ಮುಂದೆ ಆಡುವ ಮಾತೇ ಅದು? ಆಡಿದ. ಅವಳು ಕಾಗದ ಮಡಿಚಿಕೊಂಡು ಹೋದಳು. ಅವನು ಪೀಪಾಯಿಯ ಬಳೆ ಬಡಿಯುವುದನ್ನು ಮುಂದುವರಿಸಿದ.

ಆಗಸ್ಟಿನಲ್ಲಿ ಕ್ಷಮೆ ಬಂತು. ಅಮೋಸ್ ಪಡೆಗೆ ಮರಳಿ ಉಳಿದ ಅವಧಿ ಮುಗಿಸಬೇಕು, ಅಷ್ಟೇ.

"ಈ ಲಿಂಕನ್ ಲೆಕ್ಕ ನಂಗೆ ತಿಳಿಯಲ್ಲಪ್ಪ," ಎಂದ ಕಮ್ಮಾರ ನೋಯಸ್, ಊರಂಗಡಿಯ ಜಗಲಿಯಲ್ಲಿ ಕೂತು. "ಒಂದ್ಕೈಲಿ ಲಕ್ಷಗಟ್ಲೆ ಹುಡುಗರನ್ನ ಯುದ್ಧಕ್ಕೆ ಕರೆಸ್ಕೋತಾನೆ, ಇನ್ನೊಂದ್ಕೈಲಿ ಒಬ್ಬೊಬ್ರನ್ನೇ ಎತ್ತಿ ಬದಿಗಿಡ್ತಾನೆ."

ಎಲ್ಲರೂ ನಕ್ಕರು. ಹೈರಮ್ ನಗಲಿಲ್ಲ. ಮುಖವನ್ನೇ ನೋಡದ ಹುಡುಗನನ್ನು ಅಷ್ಟು ದೂರದ ಮನುಷ್ಯ ಉಳಿಸಿದ್ದ. ಹುಟ್ಟಿದಾಗಿನಿಂದ ನೋಡಿದ್ದ ತಾನು ಒಂದು ರುಜು ಹಾಕಿರಲಿಲ್ಲ.

ಮುಂದಿನ ಏಪ್ರಿಲಿನಲ್ಲಿ ಲಿಂಕನ್ನರನ್ನು ಯಾರೋ ಗುಂಡಿಟ್ಟು ಕೊಂದರೆಂದು ತಂತಿ ಬಂತು. ಚರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಅಧ್ಯಕ್ಷರ ಕರುಣೆಯ ಬಗ್ಗೆ ನಾಲ್ಕು ಮಾತಾಡಿ ಎಂದು ಪಾದ್ರಿ ಹೈರಮನಿಗೇ ಹೇಳಿದರು. ಆ ಸಭೆಯ ದಿನ ಬೆಳಿಗ್ಗೆ ಡೋರ್ಕಸ್ ಮತ್ತೆ ಅಂಗಡಿಗೆ ಬಂದಳು.

"ಅಣ್ಣ, ಒಂದು ತಪ್ಪನ್ನ ಹೊಟ್ಟೇಲಿಟ್ಕೊಂಡು ಓಡಾಡ್ತಿದೀನಿ. ಸಭೆ ಹಿರಿಯರೇ ಒಪ್ಪಿಲ್ಲ ಅಂದ್ರೆ ಅರ್ಜೀನ ಯಾರು ಓದ್ತಾರೆ ಅಂತ ಭಯ ಆಯ್ತು. ಮೇಲಿನ ಸಾಲಲ್ಲಿ ನಿಮ್ಮ ಹೆಸರು ನಾನೇ ಬರೆದೆ. ಕಾಳಗದಲ್ಲಿ ಮಗನ್ನ ಕಳ್ಕೊಂಡ ತಂದೆ ಅಂತಾನೂ ಸೇರಿಸ್ದೆ. ಅಮೋಸ್‌ಗೂ ಹೇಳಿಲ್ಲ. ನನ್ನ ಕ್ಷಮಿಸ್ಬೇಕು."

ಕ್ಷಮೆ ಕೇಳಬೇಕಾದವನು ಅವನು. ಬಾಯಿಗೆ ಬಂದದ್ದು ಮಾತ್ರ ಸಭೆಯ ಹಿರಿಯನಾಗಿ ಹದಿನೆಂಟು ವರ್ಷ ಆಡಿ ರೂಢಿಯಾದ ಮಾತು.

"ಹೋಗ್ಲಿ ಬಿಡು ಡೋರ್ಕಸ್, ಕ್ಷಮಿಸಿದೀನಿ."

ಅವಳು ಕಣ್ಣೊರೆಸಿಕೊಂಡು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಎಂದು ಹೊರಟುಹೋದಳು. ಆಡಿದ ಮಾತು ಅರ್ಥವಾದಾಗ ಹೈರಮನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮಧ್ಯಾಹ್ನ ಚರ್ಚಿನಲ್ಲಿ ಕರುಣೆಯ ಬಗ್ಗೆ ಮಾತಾಡಿದ. ಜನ ಬಿಕ್ಕಿ ಬಿಕ್ಕಿ ಅತ್ತರು. ಇಷ್ಟು ಚೆನ್ನಾಗಿ ಅವನು ಹಿಂದೆಂದೂ ಮಾತಾಡಿರಲಿಲ್ಲವಂತೆ.

ಯುದ್ಧ ಮುಗಿದು ಅಮೋಸ್ ಮನೆಗೆ ಬಂದ. ಅರ್ಜಿಯ ಮೊದಲ ಹೆಸರು ಯಾರದೆಂದು ಊರವರಿಂದ ಕೇಳಿದ್ದ. ಪ್ರತಿ ಶರತ್ಕಾಲ ಹೈರಮನ ಪೀಪಾಯಿಗೆ ಬೇಕಾದ ಓಕ್ ಮರ ಕಡಿದು ತಂದು ಹಾಕುತ್ತಿದ್ದ. ಹೈರಮ್ ಒಮ್ಮೆ ಧೈರ್ಯ ಮಾಡಿದ.

"ಅಮೋಸ್, ಆ ಅರ್ಜಿ ವಿಷಯ..."

"ಬೇಡಿ ದೊಡ್ಡಪ್ಪ. ಓರಿನ್‌ನ ಅಲ್ಲಿ ಬಿಟ್ಟು ಬಂದೋನು ನಾನು. ಆದ್ರೂ ನೀವು ಬರೆದ್ರಿ. ಅದನ್ನ ನೆನೆಸ್ಕೊಂಡ್ರೆ ನಂಗೆ ತಲೆ ಎತ್ತಕ್ಕಾಗಲ್ಲ."

ಹೈರಮ್ ಮರದ ತುಂಡು ಎತ್ತಿಡಲು ಬಾಗಿದ. ಸತ್ಯ ಹೇಳಿದರೆ ಸುಳ್ಳು ರುಜು ಹಾಕಿದ ತಾಯಿಯ ಮಾನವೂ ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿಗೆ ನೆಪ ಸಿಗುವುದು ಕಷ್ಟವೇ?

ಮೂರು ವರ್ಷದ ಮೇಲೆ ಅಮೋಸನಿಗೆ ಗಂಡುಮಗು ಹುಟ್ಟಿತು. ದೀಕ್ಷಾಸ್ನಾನಕ್ಕೆ ಮಗುವನ್ನು ನೀವೇ ಎತ್ತಿಕೊಳ್ಳಬೇಕೆಂದು ಹಟ ಹಿಡಿದ. ಆ ಚರ್ಚಿನಲ್ಲಿ ಎತ್ತಿಕೊಂಡವರೇ ಹೆಸರು ಕೂಗಬೇಕು. ಏನು ಹೆಸರೆಂದು ಕೇಳಿದಾಗ ಅಮೋಸ್ ಕಿವಿಯಲ್ಲಿ ಹೇಳಿದ, "ಇನ್ನೇನಿರುತ್ತೆ ದೊಡ್ಡಪ್ಪ? ನಿಮ್ಮದೇ."

"ಈ ಮಗುವಿನ ಹೆಸರೇನು?" ಎಂದು ಪಾದ್ರಿ ಕೇಳಿದರು.

ಹೈರಮ್ ಬೆಂಚುಗಳ ಕಡೆ ನೋಡಿದ. ಮುಂದಿನ ಬೆಂಚಿನಲ್ಲಿ ಡೋರ್ಕಸ್ ತಲೆ ತಗ್ಗಿಸಿ ಕೂತಿದ್ದಳು. ಪಾದ್ರಿ ಇನ್ನೊಮ್ಮೆ ಕೇಳಿದರು.

"ಹೈರಮ್," ಎಂದ, ಎರಡನೆಯ ಬೆಂಚಿಗೂ ಕೇಳಿಸದಷ್ಟು ಮೆಲ್ಲಗೆ.

ಮಗ ಸತ್ತ ಸುದ್ದಿಗೂ ಜನರೆದುರು ಅಳದವನು ಅಂದು ಮಗುವಿನ ಬಟ್ಟೆಯಲ್ಲಿ ಮುಖ ಹುದುಗಿಸಿ ಅತ್ತ. ಅದು ಸಂತೋಷದ ಅಳು ಎಂದು ಊರು ಇವತ್ತಿಗೂ ನಂಬಿದೆ.