ಅಪ್ಪನ ಪಿಸ್ತೂಲಿನ ಮೂಲ

ನಮ್ಮಪ್ಪ ಮೊದಲ ಮಹಾಯುದ್ಧದಲ್ಲಿ ಕುದುರೆ ಪಡೆಯಲ್ಲಿದ್ದವರು. ಬರುವಾಗ ಒಂದು ಪಿಸ್ತೂಲು ತಂದಿದ್ದರು. ಟ್ರಿಗರ್ ಎಳೆದರೆ ಒಂದು ಗುಂಡು ಹಾರಿ, ಮುಂದಿನದು ತಾನೇ ಬಂದು ಕೂರುವ ಬಗೆಯದು. "ನಮ್ ಬಿಳಿ ದೊರೆ ಸೊಂಟದಿಂದ ಬಿಚ್ಚಿ ಕೊಟ್ಟಿದ್ದು, ಅಪ್ಪಟ ಇಂಗ್ಲೆಂಡ್ ಮಾಲು" ಎಂದು ಕೊಣನೂರು ಸಂತೆಗೆ ಬಂದವರಿಗೆಲ್ಲ ಹೇಳಿ ಹೇಳಿ ಕಿವಿ ತೂತು ಮಾಡಿದ್ದರು. ಅದರಿಂದ ಒಂದು ಕಾಗೆಯನ್ನೂ ಹೊಡೆದವರಲ್ಲ.

ಅರವತ್ತರ ದಶಕದಲ್ಲೊಮ್ಮೆ ಲೈಸೆನ್ಸ್ ಹೊಸದು ಮಾಡಿಸಲು ಹೋದಾಗ, ಗುಮಾಸ್ತರು ಹಳೆಯ ಕಾಗದದಲ್ಲಿದ್ದ ನಂಬರನ್ನು ಪಿಸ್ತೂಲಿನ ಮೇಲೆ ಹುಡುಕಿದರು. ಎಲ್ಲಿರಬೇಕು? ಪ್ರತಿ ಆಯುಧಪೂಜೆಗೂ ಅವ್ವ ಅದನ್ನು ಮಚ್ಚು, ಕುಡುಗೋಲಿನ ಜೊತೆ ಹಾಕಿಕೊಂಡು ಹುಣಸೆಹಣ್ಣು, ಇಟ್ಟಿಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ನಂಬರು ಸವೆದೇ ಹೋಗಿತ್ತು. ನಂಬರು ತೋರಿಸಿ, ಯಾವ ದೇಶದ್ದೆಂದು ಬರೆಸಿಕೊಂಡು ಬನ್ನಿ, ಇಲ್ಲವಾದರೆ ಠಾಣೆಗೆ ಒಪ್ಪಿಸಿ ಎಂದರು ಗುಮಾಸ್ತರು.

ಅವ್ವ ಅನ್ನ ನೀರು ಬಿಟ್ಟಳು. "ನನ್ ಕೈಗಿಷ್ಟು ಬೆಂಕಿ ಬೀಳಾ" ಎಂದು ಅತ್ತಳು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಆಗ ಅರಕಲಗೂಡಿನಲ್ಲಿ ಮೇಷ್ಟ್ರು. ಒಂದು ದಿನ ರಜ ಹಾಕಿ ಅಪ್ಪನನ್ನು ಹಾಸನದ ಕೋವಿ ರಿಪೇರಿ ಸಾಬರ ಹತ್ತಿರ ಕರೆದೊಯ್ದೆ. ಅವರು ಪಿಸ್ತೂಲನ್ನು ಬಿಚ್ಚಿ, ನಳಿಗೆಯ ಅಡಿಯ ಹಲ್ಲುಗಳನ್ನು ತೋರಿಸಿದರು.

"ಈ ಅಲ್ಲು ನೋಡಿ ಯಜಮಾನ್ರೆ. ಇದ್ರ ನಕ್ಷೆ ಮಾಡ್ದೋನು ಅಮೆರಿಕದೋನು. ಬೆಲ್ಜಿಯಂನಲ್ಲಿ ತಯಾರಾಯ್ತು. ಅದ್ನ ನೋಡ್ಕಂಡು ಸ್ಪೇನ್‌ನೋರು ಯುದ್ಧದ ಟೇಮಲ್ಲಿ ರಾಶಿ ರಾಶಿ ನಕಲು ಒಡುದ್ರು. ಇದು ಆ ನಕಲೇ. ಇಂಗ್ಲೆಂಡ್‌ದಲ್ಲ."

ನಂಬರು ಒಳಗಡೆ ಹಾಗೇ ಇತ್ತು, ಕಾಗದಕ್ಕೆ ತಾಳೆಯೂ ಆಯಿತು. ಸ್ಪೇನಿನದೆಂದು ಸಾಬರು ಬರೆದೂ ಕೊಟ್ಟರು. ಪಿಸ್ತೂಲು ಉಳಿಯಿತು. ಆದರೆ ಅಪ್ಪನ ಮುಖ ನೋಡಲಾಗಲಿಲ್ಲ. ಬಸ್ಸಿನಲ್ಲಿ ಪಿಸ್ತೂಲಿನ ಗಂಟನ್ನು ಸೀಟಿನಡಿ ತಳ್ಳಿ ಕೂತರು.

"ದೊರೆ ಕೊಟ್ಟಿದ್ದಂತೂ ನಿಜ ಅಲ್ವಾ ಅಪ್ಪ" ಎಂದೆ.

"ಕೊಟ್ಟಿದ್ದೇನೋ ನಿಜ ಕಣ್ಲಾ. ಬ್ಯಾಡ್ದೆ ಇದ್ದಿದ್ನ ಕೊಟ್ಟವ್ನೆ ಅಷ್ಟೇ."

ಮನೆ ಬಾಗಿಲಲ್ಲೇ ಅವ್ವ ನಿಂತಿದ್ದಳು. "ಏನಂದ್ರು ಸಾಬ್ರು?"

ಅಪ್ಪ ಚಪ್ಪಲಿ ಬಿಡುತ್ತಾ ಹೇಳಿದರು: "ಇಂಗ್ಲೆಂಡ್‌ದೇ ಅಂತೆ ಕಣೆ. ನಂಬರೂ ಸಿಕ್ತು. ಒಂಚೂರೂ ತುಕ್ಕಿಲ್ವಲ್ಲ, ಇಂಗೆ ಉಜ್ಜಿ ಮಡಗ್ದೋರು ಯಾರು ಅಂತ ಕೇಳುದ್ರು. ನನ್ನೆಂಡ್ತಿ ಅಂದೆ."

ನನಗೆ ಅಪ್ಪನ ಮೇಲೆ ಅಷ್ಟು ಅಕ್ಕರೆ ಉಕ್ಕಿದ್ದು ಅವತ್ತೇ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ನಮಗೆ ಬಡಿಸಿ, ತಾನೂ ಎರಡು ಮುದ್ದೆ ಉಂಡಳು.