ಅರ್ಧ ಕುರಿಯ ಲೆಕ್ಕ

ಇವತ್ತು ಆದವಾನಿಯಲ್ಲಿ ಹತ್ತಿದ ಷೇರ್ ಆಟೋದಲ್ಲಿ ನನ್ನ ಕಾಲ ಬಳಿಯೇ ಒಂದು ಕುರಿ, ಅದರ ಹಸಿ ಮರಿ. ಆ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೋ ಈರಮ್ಮ ನೆನಪಾಗಿ ಖುಷಿಯೋ ಖುಷಿ! ಐದನೇ ತರಗತಿಯ ಆ ಹುಡುಗಿ ನನಗೆ ಭಿನ್ನರಾಶಿ ಕಲಿಸಿದವಳು. ನಗಬೇಡಿ, ಟೀಚರ್ ಅನ್ನಿಸಿಕೊಂಡು ಸಂಬಳ ಎಣಿಸುತ್ತಿದ್ದವಳು ನಾನೇ.

ಹಲಗೆಯ ಮೇಲೆ ದುಂಡಗೆ ರೊಟ್ಟಿ ಬರೆದು ಕತ್ತರಿಸಿದರೆ ಪಾಠ ಮುಗಿಯಿತು ಎಂದುಕೊಂಡಿದ್ದ ಕಾಲ ಅದು. ಈರಮ್ಮ ಮಾತ್ರ ಅರ್ಧಕ್ಕಿಂತ ಮೂರರಲ್ಲೊಂದು ದೊಡ್ಡದು ಎಂದು ಮೂರು ದಿನ ಬರೆದಳು. ಮೂರು ದಿನವೂ ನಾನು ಕೆಂಪು ಗೀಟು ಎಳೆದೆ. ನಾಲ್ಕನೇ ದಿನ ಅವಳ ಅವ್ವ ಬಾಗಿಲಿಗೆ ಬಂದು, "ಟೀಚರಮ್ಮಾ, ಇದಕ್ಕ ಲೆಕ್ಕ ತಲಿಗೆ ಹತ್ತಂಗಿಲ್ಲಂತ. ನಾಳಿಂದ ಕುರಿ ಹಿಂದ ಕಳಸ್ತೀನ್ರಿ" ಅಂದಳು. ಈರಮ್ಮ ನೆಲ ನೋಡುತ್ತಿದ್ದಳು. ಲೆಕ್ಕ ತಲೆಗೆ ಹತ್ತದೆಂಬ ಆ ಮಾತು ಅವರ ಮನೆಗೆ ಹೋದದ್ದು ನನ್ನ ಬಾಯಿಂದಲೇ.

"ಯಾಕ ದೊಡ್ಡದು ಅಂತೀ?" ಅಂತ ಅವಳನ್ನು ಅವತ್ತೇ ಮೊದಲು ಕೇಳಿದೆ.

"ಕರೇ ಕುರಿ ನಮಗೂ ಮಾವಗೂ ಅರ್ಧರ್ಧ ಐತ್ರಿ. ಒಂದು ಮರಿ ಅವರಿಗೆ, ಮುಂದಿಂದು ನಮಗ. ಬಿಳೇದರಾಗ ಮೂರು ಮನಿ ಪಾಲು. ಅದು ಮೂರು ಸೂಲು ಈಯೋತನಕ ನಮ್ಮ ಪಾಳಿಗೆ ಕಾಯಬೇಕು. ಮೂರು ದೊಡ್ಡದಲ್ಲೇನ್ರಿ?"

ಅಯ್ಯೋ ನನ್ನ ಬುದ್ಧಿಗಿಷ್ಟು! ಹುಡುಗಿ ಕಾಯುವ ಕಾಲ ಅಳೆಯುತ್ತಿದ್ದಳು, ನಾನು ರೊಟ್ಟಿ ಕುಯ್ಯುತ್ತಿದ್ದೆ. ಬದುಕಿರುವ ಕುರಿಯನ್ನು ಯಾರಾದರೂ ತುಂಡು ಮಾಡಿ ಹಂಚಿಕೊಳ್ಳುತ್ತಾರೆಯೇ? ರೊಟ್ಟಿ ಅಳಿಸಿಬಿಟ್ಟೆ. "ಕಾಯೋದು ಬ್ಯಾಡ, ಮರಿ ಎಣಸು. ಎರಡೂ ಕುರಿ ಎಷ್ಟೆಷ್ಟು ಸಲ ಈಯಲಿ?" ಎಂದೆ.

ಕಣ್ಣು ಮುಚ್ಚಿ ಬೆರಳು ಮಡಚಿದಳು. "ಆರಾರು ಸೂಲು ಹಿಡೀರಿ, ಎರಡರ ಪಾಳೀನೂ ಸರಿ ಕೂಡ್ತಾವ. ಕರೇದರಾಗ ನಮಗ ಮೂರು ಮರಿ, ಬಿಳೇದರಾಗ ಎರಡ..." ತಟ್ಟನೆ ಕಣ್ಣು ಬಿಟ್ಟಳು. "ಟೀಚರ್, ಅರ್ಧಾನೇ ದೊಡ್ಡದು!"

"ಎರಡೂ ಕೂಡಿಸಿದ್ರ?" ಎಂದು ಕೇಳಿಯೇಬಿಟ್ಟೆ, ಅದು ಮುಂದಿನ ವಾರದ ಪಾಠ.

"ಐದು ಮರಿ. ಪೂರ್ತಿ ಒಂದು ಕುರಿ ನಮ್ದ ಇದ್ದಿದ್ರ ಆರು ಬರ್ತಿದ್ವು. ಒಂದ ಕಮ್ಮಿ."

ಆರರಲ್ಲಿ ಐದು! ನಾನು ಕುಣಿಯುವುದೊಂದು ಬಾಕಿ. "ಮತ್ತ ಇದಕ್ಕ ಲೆಕ್ಕ ಬರತೈತೇನ್ರಿ? ನಿಜಂಗಾ?" ಎಂದಳು ಅವ್ವ. "ಬರದೇ ಇದ್ದದ್ದು ನನಗಮ್ಮಾ" ಎಂದೆ. ಮಾರನೇ ದಿನ ಈರಮ್ಮ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಆಟೋ ಕುಲುಕಿತು. "ಮರಿ ನಿಮ್ಮ ಪಾಲಿಂದಾ?" ಎಂದು ಕುರಿಯ ಒಡತಿಯನ್ನು ಕೇಳಿದೆ. "ಅಲ್ರಿ, ನಮ್ಮಕ್ಕಂದು. ಮುಂದಿಂದು ನಮ್ದು." ನನ್ನ ತೊಡೆಯ ಮೇಲೆ ತಿದ್ದಬೇಕಾದ ಉತ್ತರ ಪತ್ರಿಕೆಗಳು. ನಾಲ್ಕರಲ್ಲೊಂದಕ್ಕಿಂತ ಎಂಟರಲ್ಲೊಂದು ದೊಡ್ಡದು ಎಂದು ಒಬ್ಬಳು ಬರೆದಿದ್ದಾಳೆ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ. ಇವಳ ಮನೆಯಲ್ಲಿ ಏನಿದೆಯೋ, ನಾಳೆ ಕೇಳುವ ತನಕ ನನಗೆ ತಡೆಯಲಾಗದು!