ದ್ಯಾವಯ್ಯನ ಹಿಂಗೈ

ಸರಿಯುತ್ತರ ಹೇಳಿ ಫೇಲಾದವನು ಅಂತ ಯಾರಾದರೂ ಇದ್ದರೆ ಅದು ಹುಲಿಕೆರೆಯ ದ್ಯಾವಯ್ಯ. ಹಾಸನದಲ್ಲಿ ವೈರ್‌ಮನ್ ಪರ್ಮಿಟ್ಟಿನ ಪರೀಕ್ಷೆ. ಬರೆಯುವ ಭಾಗ ಹೇಗೋ ದಾಟಿತ್ತು. ಪ್ರಾಕ್ಟಿಕಲ್ಲಿಗೆ ಅಂತ ಒಂದು ಹಲಗೆಯ ಮೇಲೆ ಸ್ವಿಚ್ಚು, ಹೋಲ್ಡರು, ವೈರು ಎಲ್ಲ ಜೋಡಿಸಿ ನಿಲ್ಲಿಸಿದ್ದರು. ಪರೀಕ್ಷಕರು ಒಂದು ವೈರಿನ ಬೋಳು ತುದಿ ತೋರಿಸಿ, "ಇದರಲ್ಲಿ ಕರೆಂಟ್ ಇದೆಯೋ ಇಲ್ವೋ ನೋಡಿ ಹೇಳಿ" ಎಂದರು. ಪಕ್ಕದ ಮೇಜಿನ ಮೇಲೆ ಟೆಸ್ಟರ್ ಇಟ್ಟಿದ್ದರು. ದ್ಯಾವಯ್ಯ ಅತ್ತ ತಿರುಗಿಯೂ ನೋಡಲಿಲ್ಲ. ಬಲಗೈ ಬೆರಳುಗಳನ್ನು ಮಡಿಸಿ, ಅವುಗಳ ಹಿಂಭಾಗವನ್ನು ವೈರಿಗೆ ತಾಗಿಸಿ ತಟ್ಟನೆ ತೆಗೆದು, "ಐತೆ ಸಾರ್" ಎಂದ.

ಪರೀಕ್ಷಕರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದರು. ಮತ್ತೆ ಕೂತು, ನೀರು ಕುಡಿದು ಕೇಳಿದರು.

"ನಿಮಗೆ ಹೆದರಿಕೆ ಆಗಲ್ವೇನ್ರೀ?"

"ಇಲ್ಲ ಸಾರ್."

ಪಾಪ, ಹೊಗಳಿದರು ಅಂದುಕೊಂಡಿದ್ದ. ನಗುನಗುತ್ತಲೇ ಹೊರಗೆ ಬಂದು ಎರಡು ಕಾಫಿ ಕುಡಿದ. ಫಲಿತಾಂಶದಲ್ಲಿ ತನ್ನ ನಂಬರ್ ಕಾಣದಾಗ, ನಂಬರ್ ಹಾಕುವುದರಲ್ಲೇ ಏನೋ ಎಡವಟ್ಟಾಗಿದೆ ಅಂತ ಮಗಳ ಕೈಯಲ್ಲಿ ಫೋನ್ ಮಾಡಿಸಿದ. ಆಮೇಲೆ ಗೊತ್ತಾಯಿತು, ಎಡವಟ್ಟು ಆಗಿದ್ದು ಅವನ ಕೈಯಿಂದಲೇ.

ಆ ಕೈಯ ಕಥೆ ಸ್ವಲ್ಪ ಹೇಳಬೇಕು. ದ್ಯಾವಯ್ಯ ಹತ್ತನೇ ಕ್ಲಾಸಿನಲ್ಲಿ ಕೈಯೆತ್ತಿ, ಏನಾದರೂ ಕಸುಬು ಕಲಿಯೋಣ ಅಂತ ತಿರುಗುತ್ತಿದ್ದ ಕಾಲದಲ್ಲಿ, ಅವನ ಕೇರಿಯ ಹುಡುಗರನ್ನು ವೈರಿಂಗ್ ಕೆಲಸಕ್ಕೆ ಸೇರಿಸಿಕೊಳ್ಳುವವರೇ ಇರಲಿಲ್ಲ. ವೈರಿಂಗ್ ಅಂದರೆ ನಡುಮನೆಗೆ ಹೋಗಬೇಕು, ಅಡುಗೆಮನೆಗೆ ಹೋಗಬೇಕು, ಕೆಲವು ಮನೆಗಳಲ್ಲಿ ದೇವರ ಕೋಣೆಗೂ ಒಂದು ಬಲ್ಬು ಎಳೆಯಬೇಕು. ಇದನ್ನು ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಮುಂದಿನ ವಾರ ಬಾ ಅನ್ನುತ್ತಿದ್ದರು, ಅಷ್ಟೇ. ಕೊನೆಗೆ ಬಾಣಾವರದ ಪ್ಯಾರೇಜಾನ್ ಮೇಸ್ತ್ರಿ, "ಏಣಿ ಹಿಡ್ಕಳಕ್ಕೆ ಬತ್ತದೇನ್ಲಾ?" ಅಂತ ಒಂದೇ ಮಾತು ಕೇಳಿ ಜೊತೆಗೆ ಹಾಕಿಕೊಂಡರು. ಯಾವುದೋ ದೊಡ್ಡ ಮನೆಯ ಯಜಮಾನರು ಹೊಸ್ತಿಲ ಹತ್ತಿರ ಅಡ್ಡ ನಿಂತು, "ಈ ಹುಡುಗ ಯಾರ ಪೈಕಿ ಮೇಸ್ತ್ರಿ?" ಅಂದಾಗ, ಮೇಸ್ತ್ರಿ ತಲೆ ಎತ್ತದೆ, "ನನ್ ಪೈಕಿ ಸ್ವಾಮಿ" ಎಂದಿದ್ದರು. ಆ ಮಾತನ್ನು ದ್ಯಾವಯ್ಯ ಇವತ್ತಿಗೂ ಮರೆತಿಲ್ಲ. ಮರೆಯುವಂಥ ಮಾತೂ ಅಲ್ಲ.

ಆ ಮೇಸ್ತ್ರಿ ಕಲಿಸಿದ ಮೊದಲ ಪಾಠವೇ ಹಿಂಗೈ. "ಅಂಗೈಲಿ ಮುಟ್ಟಿದ್ರೆ ಕರೆಂಟು ನಿನ್ನ ಕೈನೇ ಮುಷ್ಟಿ ಮಾಡಿಸ್ತದೆ, ವೈರ್ ಬಿಡಕ್ಕಾಗಲ್ಲ. ಹಿಂಗೈಲಿ ಮುಟ್ಟಿದ್ರೆ ಕೈ ತಾನೇ ಹಿಂದಕ್ಕೆ ಬತ್ತದೆ. ಒಣಗಿದ ಕೈ, ಕಾಲಲ್ಲಿ ಚಪ್ಪಲಿ, ಸುಮ್ಮನೆ ತಾಗಿಸ್ಬೇಕು." ದ್ಯಾವಯ್ಯ ಅದನ್ನು ಮಂತ್ರದ ಹಾಗೆ ಹಿಡಿದ. ಮುಂದೆ ಸ್ವಂತವಾಗಿ ಕೆಲಸ ಹಿಡಿದ ಮೇಲೆ ಹಳೇಬೀಡಿನಿಂದ ಬೇಲೂರಿನವರೆಗೆ ಅವನ ಕೈ ಹೆಸರುವಾಸಿಯಾಯಿತು. ಬೆರಳ ಗೆಣ್ಣುಗಳ ಮೇಲೆ ಚರ್ಮ ಒರಟಾಗಿ, ಅಲ್ಲಲ್ಲಿ ಸುಟ್ಟ ಚುಕ್ಕೆಗಳು ನಿಂತವು. ಜನ ಅದನ್ನು ನೋಡಿ ಬೆರಗಾಗುತ್ತಿದ್ದರು, ಅವನು ಅದನ್ನು ತೋರಿಸುತ್ತಲೂ ಇದ್ದ. ಜಂಬ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಊರೂರು ತಿರುಗಿ ಮೊಣಕಾಲು ಹೋದ ಮೇಲೆ ಅವನು ಅರಸೀಕೆರೆಯ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿಂತ. ಒಣಗಿಸುವ ಯಂತ್ರ, ತುರಿಯುವ ಯಂತ್ರ, ಅವುಗಳ ಮೋಟಾರು ಎಲ್ಲ ಅವನದೇ ಉಸ್ತುವಾರಿ. ಕೂರಲು ಒಂದು ಸ್ಟೂಲು, ತಲೆಯ ಮೇಲೆ ಫ್ಯಾನು. ನಲವತ್ತೇಳರ ಮನುಷ್ಯನಿಗೆ ಇನ್ನೇನು ಬೇಕು? ಆದರೆ ಹಳೆಯ ಯಜಮಾನರು ಹಿಂದೆ ಸರಿದು ಅವರ ಮಗ ಸುನಿಲ್ ಬಂದ. ಕೆಟ್ಟವನಲ್ಲ, ಕಾಗದ ಪತ್ರ ಸರಿಯಿರಬೇಕು ಅನ್ನುವವನು.

"ದ್ಯಾವಯ್ಯಾವ್ರೇ, ಇನ್ಶೂರೆನ್ಸ್‌ನೋರು ಕೇಳ್ತಾ ಇದಾರೆ. ಪರ್ಮಿಟ್ ಇಲ್ದೋರ ಕೈಲಿ ಪ್ಯಾನೆಲ್ ಮುಟ್ಟಿಸೋ ಹಾಗಿಲ್ವಂತೆ. ಯುಗಾದಿವರೆಗೂ ನಾನು ಹೇಗೋ ನಿಭಾಯಿಸ್ತೀನಿ. ಆಮೇಲೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬೇಡಿ ಅಂದರೆ ಆಗದೆ ಇರುತ್ತದೆಯೇ? ಮತ್ತೆ ಏಣಿ, ಮತ್ತೆ ಪಂಪ್‌ಹೌಸು, ಮತ್ತೆ ಯಾರದೋ ಮದುವೆ ಚಪ್ಪರದ ಸೀರಿಯಲ್ ಸೆಟ್ಟು. ಅದನ್ನು ನೆನೆದರೇ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಮೊದಲ ಪರೀಕ್ಷೆ ಹಿಂಗೈಯಿಂದ ಹೋಗಿತ್ತು, ಯುಗಾದಿಗೆ ಮುಂಚೆ ಇದ್ದದ್ದು ಇನ್ನೊಂದೇ.

ಪ್ರಾಕ್ಟಿಕಲ್ಲಿನ ಜೊತೆ ಬಾಯಿಪ್ರಶ್ನೆಗಳೂ ಇರುತ್ತಿದ್ದವು, ಹಾಗಾಗಿ ದ್ಯಾವಯ್ಯ ಮತ್ತೆ ಓದಲು ಕೂತ. ಕೆಲಸ ಮುಗಿಸಿ ಅರಸೀಕೆರೆಯಿಂದ ಬಸ್ಸು ಹತ್ತಿದರೆ ಜಾವಗಲ್ ಬರುವಷ್ಟರಲ್ಲಿ ಪುಸ್ತಕ ತೊಡೆಯ ಮೇಲೆ, ತಲೆ ಮುಂದಿನ ಸೀಟಿನ ಕಂಬಿಯ ಮೇಲೆ. ಓಮನ ನಿಯಮ ಅವನಿಗೆ ತಲೆಗೆ ಹತ್ತುತ್ತಿತ್ತು, ಬಸ್ಸಿನಿಂದ ಇಳಿಯುವಾಗ ಇಳಿದುಹೋಗುತ್ತಿತ್ತು. ಮನೆಯಲ್ಲಿ ಮಗಳು ಧನುಶ್ರೀ, ಬೇಲೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು, ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದಳು. ಅವಳಿಗೂ ದಣಿವು. ಅಪ್ಪ ಮಗಳು ಇಬ್ಬರೂ ಆಕಳಿಸುತ್ತ ಅರ್ತಿಂಗ್ ಬಗ್ಗೆ, ಕರೆಂಟನ್ನು ಭೂಮಿಗೆ ಇಳಿಸುವುದರ ಬಗ್ಗೆ, ಮಾತಾಡುವುದನ್ನು ನೋಡಿ ಹೆಂಡತಿ ಚಲುವಮ್ಮ, "ಇಬ್ರೂ ಉಂಡ್ ಮಲ್ಗಿ, ಭೂಮಿ ಎಲ್ಲೂ ಓಡೋಗಲ್ಲ" ಅನ್ನುತ್ತಿದ್ದಳು.

ಓದುವುದು ಹೇಗೋ ನಡೆಯಿತು. ನಡೆಯದೆ ಹೋದದ್ದು ಕೈ. ಧನುಶ್ರೀ ಹೊಸ ಟೆಸ್ಟರ್ ತಂದು ಅಪ್ಪನ ಜೇಬಿಗೆ ಸಿಕ್ಕಿಸಿದಳು. ಅದು ಜೇಬಿನಲ್ಲೇ ಇರುತ್ತಿತ್ತು, ಕೈ ಮೊದಲೇ ಹೋಗಿ ಮುಟ್ಟಿ ಬಂದಿರುತ್ತಿತ್ತು. ನಾಳೆಯಿಂದ ಮುಟ್ಟುವುದಿಲ್ಲ ಅಂತ ಅವನು ಹೇಳುತ್ತಿದ್ದ. ಬೀಡಿ ಬಿಡುತ್ತೇನೆ ಅನ್ನುವವರೂ ಹೀಗೇ ಹೇಳುವುದು.

ಆಗ ಮದ್ದು ಕಂಡುಹಿಡಿದವಳು ಅವನ ತಾಯಿ ಗಿಡ್ಡಮ್ಮ. ಮುದುಕಿಗೆ ಕರೆಂಟಿನ ವಿಚಾರ ಒಂದೂ ತಿಳಿಯದು, ಮಗನ ವಿಚಾರ ತಿಳಿಯುತ್ತದೆ. ಸಂಜೆಯಾದರೆ ಬಾಗಿಲಲ್ಲಿ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತರೆ ದ್ಯಾವಯ್ಯ ಬಂದು ಚಪ್ಪಲಿ ಬಿಡುವತನಕ ಅವಳು ಏಳುವವಳಲ್ಲ. ಅವನು ಕಸುಬು ಕಲಿತ ದಿನದಿಂದಲೂ ಹೀಗೆಯೇ. ಮಳೆ ಬಂದರೆ ಸೆರಗು ಹೊದ್ದು ಅಲ್ಲೇ. "ಯಾಕವ್ವ, ನಾನೇನ್ ಯುದ್ಧಕ್ಕೆ ಹೋಗಿದ್ನಾ?" ಅಂತ ಮಗ ರೇಗಿಸಿದರೆ, "ನಿನ್ನ ಯಾರ್ ಕಾಯ್ತಾರ್ಲಾ, ದಾರೀಲಿ ಹೋಗೋ ಬರೋ ಜನ ನೋಡ್ತೀನಿ" ಅನ್ನುವಳು.

ಒಂದು ಬೆಳಗ್ಗೆ ಅವನು ಹೊರಡುವಾಗ ಕರೆದು, ಸುಣ್ಣದ ಡಬ್ಬಿ ತೆಗೆದು, ಅವನ ಬಲಗೈಯ ಬೆರಳುಗಳ ಹಿಂದೆ ಒಂದೊಂದು ಬೊಟ್ಟು ಸುಣ್ಣ ಬಳಿದಳು.

"ಇದೇನವ್ವ?"

"ಸಂಜೆ ನೋಡ್ತೀನಿ. ಅಳಿಸಿದ್ರೆ ಮುಟ್ಟಿದೀಯ ಅಂತ ಲೆಕ್ಕ."

ಮೊದಲ ದಿನ ಸುಣ್ಣ ಅಳಿಸಿತ್ತು. ಎರಡನೇ ದಿನ ಬಸ್ಸಿನ ಕಂಬಿಗೆ ಒರೆಸಿತು ಅಂದ. ಕಾರ್ಖಾನೆಯ ಪ್ಯಾನೆಲ್ಲಿನ ಮೇಲೆಲ್ಲ ಬಿಳೀ ಗುರುತು ಬಿದ್ದು, ಅಲ್ಲಿ ಕೆಲಸ ಮಾಡುವ ಹೆಂಗಸರು, "ಏನ್ ದ್ಯಾವಯ್ಯಣ್ಣ, ಕರೆಂಟಿಗೂ ಎಲೆಅಡಿಕೆ ಕೊಡ್ತಿದೀಯಾ?" ಅಂತ ನಕ್ಕರು. ಮನೆಗೆ ಬಂದರೆ ತಾಯಿ ಕೈ ಹಿಡಿದು ತಿರುಗಿಸಿ ನೋಡಿ, ಎಲೆಅಡಿಕೆ ಚೀಲ ಕಟ್ಟಿಕೊಂಡು ಒಳಗೆ ಹೋಗುವಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಒಂದು ಸಂಜೆ ಅವನಿಗೆ ರೇಗಿತು. "ಮೇಸ್ತ್ರಿ ಕಲ್ಸಿದ್ ವಿದ್ಯೆ ಕಣವ್ವ ಇದು! ಯಾರೂ ಮನೆ ಬಾಗ್ಲಿಗೆ ಸೇರಿಸ್ದೇ ಇದ್ದಾಗ ಕೈ ಹಿಡ್ದು ಕಲ್ಸಿದ್ದು. ಇದು ತಪ್ಪು ಅಂದ್ರೆ ಅವ್ರೇ ತಪ್ಪು ಅಂದಂಗಲ್ವಾ?"

ನಿಜವಾದ ಗಂಟು ಅಲ್ಲಿತ್ತು. ಕೇಳಿಸಿಕೊಂಡ ಧನುಶ್ರೀ ಪುಸ್ತಕ ಮುಚ್ಚಿ, "ಹಂಗಾದ್ರೆ ಅವ್ರನ್ನೇ ಹೋಗಿ ಕೇಳ್ಕೊಂಡ್ ಬಾಪ್ಪ" ಎಂದಳು.

ಪರೀಕ್ಷೆಗೆ ವಾರವಿರುವಾಗ ದ್ಯಾವಯ್ಯ ಅರಸೀಕೆರೆಯಿಂದ ರೈಲು ಹತ್ತಿ ಬಾಣಾವರದಲ್ಲಿ ಇಳಿದ. ಮೇಸ್ತ್ರಿಯನ್ನು ನೋಡಿ ವರ್ಷಗಳೇ ಆಗಿದ್ದವು. ಗುರುವಿನ ಅಪ್ಪಣೆ ಕೇಳಬೇಕು, ಬೇಡ ಅಂದರೆ ಪರೀಕ್ಷೆಯನ್ನೇ ಬಿಟ್ಟುಬಿಡಬೇಕು ಅಂತೆಲ್ಲ ದಾರಿಯಲ್ಲಿ ಯೋಚಿಸಿದ್ದ. ಮೇಸ್ತ್ರಿ ಮನೆಯ ಮುಂದೆ ಹಗ್ಗದ ಮಂಚದಲ್ಲಿ ಕೂತು ಯಾರದೋ ಮಿಕ್ಸಿ ಬಿಚ್ಚುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಖುಷಿಯಾಗಿ ಟೀ ತರಿಸಿದರು. ಆಮೇಲೆ ಅವನ ಬೆರಳುಗಳ ಮೇಲಿನ ಸುಣ್ಣ ನೋಡಿ, "ಇದೇನ್ಲಾ, ಏನ್ ಕಚ್ತು?" ಎಂದರು.

ದ್ಯಾವಯ್ಯ ಎಲ್ಲ ಹೇಳಿದ. ಮೇಸ್ತ್ರಿ ಕೇಳುತ್ತ ಕೇಳುತ್ತ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಇನ್ನೂ ಕೈಯಲ್ಲೇ ಮುಟ್ತೀಯಾ?"

"ನೀವೇ ಕಲ್ಸಿದ್ದಲ್ವಾ ಮೇಸ್ತ್ರಿ?"

"ಅಯ್ಯೋ ಮಾರಾಯ! ಆಗ ನಮ್ಮಿಬ್ರಿಗೂ ಸೇರಿ ಇದ್ದಿದ್ದೇ ಒಂದು ಟೆಸ್ಟರ್. ಅದು ನನ್ ಜೇಬಲ್ಲಿರೋದು, ನೀನು ಇನ್ನೊಂದು ರೂಮಲ್ಲಿರೋನು. ಗಳಿಗೆಗೊಂದ್ಸಲ ಓಡ್ಬಂದು ಕೇಳ್ತಿದ್ದೆ, ಅದಕ್ಕೆ ಹಂಗೆ ಹೇಳ್ದೆ. ಆಮೇಲೆ ನೀನೇ ಒಂದು ತಗಂಡಿರ್ತೀಯ ಬಿಡು ಅಂದ್ಕಂಡಿದ್ದೆ." ಹಾಗೆನ್ನುತ್ತ ಅಂಗಿ ಜೇಬಿನಿಂದ ತಮ್ಮ ಟೆಸ್ಟರ್ ತೆಗೆದು ತೋರಿಸಿದರು. ಹಳದಿ ಹಿಡಿಕೆ ಸವೆದು ಕಂದಾಗಿತ್ತು. "ನಾನಂತೂ ಯಾವತ್ತೂ ಇದಿಲ್ದೆ ಮುಟ್ಟಿಲ್ಲಪ್ಪ. ನಂಗೆ ಭಯ."

ದ್ಯಾವಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾವುದನ್ನೂ ಮಾಡಲಾಗದಷ್ಟು ಸುಸ್ತಾಗಿತ್ತು. ಇಷ್ಟು ವರ್ಷ ಹೊತ್ತು ತಿರುಗಿದ್ದು ವಿದ್ಯೆಯೂ ಅಲ್ಲ, ಗುರುವಾಕ್ಯವೂ ಅಲ್ಲ. ಓಡಿಬಂದು ತಲೆ ತಿನ್ನುವ ಹುಡುಗನನ್ನು ಆ ಹೊತ್ತಿಗೆ ಸಾಗಹಾಕಿದ ಮಾತು. ಅವನು ಹೊರಡುವಾಗ ಮೇಸ್ತ್ರಿ ಬೆನ್ನು ತಟ್ಟಿ, "ಹುಷಾರಾಗಿರೋ" ಎಂದರು. ರೈಲಿನಲ್ಲಿ ಅವನು ಪುಸ್ತಕ ತೆಗೆಯಲಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಗಿಡ್ಡಮ್ಮ ಸುಣ್ಣ ಬಳಿದೇ ಕಳಿಸಿದಳು. ಹಾಸನದಲ್ಲಿ ಅದೇ ಹಲಗೆ, ಅದೇ ಬೋಳು ತುದಿ, ದುರದೃಷ್ಟಕ್ಕೆ ಅದೇ ಪರೀಕ್ಷಕರು. ಅವರು ಇವನನ್ನು ನೋಡಿದವರೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಮೇನ್ ಸ್ವಿಚ್ಚಿನ ಮೇಲೆ ಒಂದು ಕೈ ಇಟ್ಟುಕೊಂಡೇ ಕೇಳಿದರು.

"ಕರೆಂಟ್ ಇದೆಯೋ ಇಲ್ವೋ ಹೇಳಿ."

ದ್ಯಾವಯ್ಯನ ಬಲಗೈ ಬೆರಳುಗಳು ತಾವೇ ಮಡಿಸಿಕೊಂಡವು. ಸುಣ್ಣ ಕಣ್ಣಿಗೆ ಬಿತ್ತು. ಅವನು ಕೈಯನ್ನು ಜೇಬಿಗೆ ತಂದು ಟೆಸ್ಟರ್ ತೆಗೆದ. ಧನುಶ್ರೀ ಹೇಳಿಕೊಟ್ಟಂತೆ ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಅದು ಸರಿಯಿದೆಯೇ ನೋಡಿದ. ಆಮೇಲೆ ವೈರಿನ ತುದಿಗೆ ಇಟ್ಟ. ಹಿಡಿಕೆಯೊಳಗೆ ಸಣ್ಣ ಕೆಂಪು ದೀಪ ಹತ್ತಿತು.

ಅಷ್ಟೇ ಆದದ್ದು. ಆದರೆ ಆ ದೀಪವನ್ನು ನೋಡುತ್ತಿದ್ದಂತೆ ದ್ಯಾವಯ್ಯನ ಕೈ ನಡುಗತೊಡಗಿತು. ಹುಲಿಕೆರೆಯ ಪಂಪ್‌ಹೌಸಿನಲ್ಲಿ ಹಿಮ್ಮಡಿಯವರೆಗೆ ನೀರು ನಿಂತಿದ್ದಾಗ ಮುಟ್ಟಿದ್ದು ನೆನಪಾಯಿತು. ಜಾವಗಲ್ಲಿನಲ್ಲಿ ಮಳೆಗೆ ಸೋರುತ್ತಿದ್ದ ಚಪ್ಪರ, ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ನಿಂತ ದಿನ, ಧನುಶ್ರೀ ಹುಟ್ಟಿದ ಸುದ್ದಿ ಬಂದಾಗ ಕರೆಂಟ್ ಆರಿಸದೆ ಅರ್ಧಕ್ಕೆ ಬಿಟ್ಟು ಬಂದ ಬೋರ್ಡು, ಎಲ್ಲ ಒಟ್ಟೊಟ್ಟಿಗೆ ಬಂದು ಮೈಮೇಲೆ ಬಿದ್ದವು. ಆಗೆಲ್ಲ ಬರದಿದ್ದ ಭಯ ಈಗ ಬಂತು.

"ಐತೆ ಸಾರ್" ಎಂದ.

"ಯಾಕ್ರೀ, ಹೆದರಿಕೆ ಆಯ್ತಾ?"

"ಹೂಂ ಸಾರ್. ಹೆದ್ರಿಕೆ ಆಯ್ತು."

ಪರೀಕ್ಷಕರು ಮೇನ್ ಸ್ವಿಚ್ಚಿನ ಮೇಲಿಂದ ಕೈ ತೆಗೆದರು. "ಈಗ ನಿಮ್ಮನ್ನ ನಂಬಿ ಮನೆಗೆ ಕಳಿಸಬಹುದು" ಎಂದು ಹಾಳೆಯ ಮೇಲೆ ಏನೋ ಬರೆದು, ಅವನಿಗೆ ಕಾಣುವಂತೆ ತಿರುಗಿಸಿದರು. ಪಾಸು.

ಸಂತೋಷಕ್ಕೆ ಕುಣಿಯುವ ವಯಸ್ಸಲ್ಲ, ಶಕ್ತಿಯೂ ಇರಲಿಲ್ಲ. ಮಗಳಿಗೆ ಫೋನ್ ಮಾಡಿದ, ಸುನಿಲ್‌ಗೆ ಫೋನ್ ಮಾಡಿದ, ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತ. ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಹುಲಿಕೆರೆಯಲ್ಲಿ ಇಳಿದ.

ಗಿಡ್ಡಮ್ಮ ಬಾಗಿಲಲ್ಲೇ ಇದ್ದಳು. ಪಾಸೋ ಫೇಲೋ ಕೇಳಲಿಲ್ಲ. ಕೈ ಚಾಚಿದಳು, ಅವನು ಪಕ್ಕದಲ್ಲಿ ಕೂತು ಬಲಗೈ ಕೊಟ್ಟ. ಸುಣ್ಣ ಬೆಳಗ್ಗೆ ಬಳಿದ ಹಾಗೇ ಒಣಗಿ ಕೂತಿತ್ತು, ಒಂದು ಬೊಟ್ಟೂ ಅಳಿಸಿರಲಿಲ್ಲ. ಮುದುಕಿ ಒಂದೊಂದೇ ಬೆರಳು ತಿರುಗಿಸಿ ನೋಡಿದಳು.

"ಕೈ ಯಾಕ್ಲಾ ಹಿಂಗ್ ನಡುಗ್ತೈತೆ?"

"ಗೊತ್ತಾಗೋಯ್ತು ಕಣವ್ವ."

"ಏನ್ ಗೊತ್ತಾತು?"

"ನೀನು ದಿನಾ ಸಂಜೆ ದಾರೀಲಿ ಯಾರನ್ನ ನೋಡ್ತಿದ್ದೆ ಅಂತ."

ಗಿಡ್ಡಮ್ಮ ಸೆರಗಿನ ತುದಿಗೆ ಎಂಜಲು ಹಚ್ಚಿ, ಒಂದೊಂದೇ ಬೆರಳಿನ ಸುಣ್ಣವನ್ನು ತಾನೇ ಒರೆಸಿ ತೆಗೆದಳು. ಆಮೇಲೆ ಎಲೆಅಡಿಕೆ ಚೀಲ ಕಟ್ಟಿಕೊಂಡು, ಮಗನ ಹೆಗಲು ಹಿಡಿದು ಎದ್ದು, ಊಟಕ್ಕೆ ಒಳಗೆ ಹೋದಳು.